ಕೆಂಪು ಬಾರದಿರಲೆಂದು

ಫೆಬ್ರವರಿ ೧೧, ಮಂಗಳವಾರ
ಇವತ್ತೂ ಗಾರ್ತ್‌ನ ಸ್ಕ್ರಿಪ್ಟಿನ ಜೊತೆ ಗುದ್ದಾಟ. ಕ್ಷಯದ ರೋಗಾಣುವಿನ ಜೀನೋಮನ್ನು ಗೊತ್ತಿರುವ ರೂಪಾಂತರಗಳ ಒಂದು ಪಟ್ಟಿಗೆ ಹೋಲಿಸಿ, ಅದು ಯಾವ ಔಷಧಿಗೆ ಬಗ್ಗುವುದಿಲ್ಲ ಎಂದು ಹೇಳುವ ಸ್ಕ್ರಿಪ್ಟು. ಹದಿಮೂರು ವರ್ಷ ಅವನೊಬ್ಬನೇ ಕಮಾಂಡ್ ಲೈನಿನಲ್ಲಿ ಓಡಿಸಿದ. ಈಗ ನಿವೃತ್ತ, ಕಡಲ ದಡದ ಲೂಸಿಂಡಾದಲ್ಲಿ ಮೀನು ಹಿಡಿಯುತ್ತಾನೆ. ಲ್ಯಾಬಿನ ಉಳಿದವರಿಗೆ ಕಪ್ಪು ಪರದೆ ಕಂಡರೆ ಆಗದು, ಬಟನ್ ಬೇಕು. ಅದಕ್ಕೇ ವರ್ಕ್‌ಫ್ಲೋ ಪ್ಲಾಟ್‌ಫಾರ್ಮಿಗೆ ಸೇರಿಸುತ್ತಿದ್ದೇನೆ — ಸರಿಹೋದರೆ ಹಸಿರು, ಕೆಟ್ಟರೆ ಕೆಂಪು.
ಎಲ್ಲಾ ಕೆಂಪು. ಉತ್ತರ ಸರಿಯಿದ್ದರೂ ಕೆಂಪು. ತಲೆ ಚಿಟ್ಟು ಹಿಡಿಯಿತು.

ಫೆ. ೧೩
ಕಾರಣ ಸಿಕ್ಕಿತು. ಸ್ಕ್ರಿಪ್ಟು ಬಾಯಿಬಡುಕ. ಕೆಲಸ ಮಾಡುತ್ತಲೇ ಎರರ್ ಸಾಲಿನಲ್ಲಿ ಗೊಣಗುತ್ತದೆ — ಆ ಹೆಸರು ಹಳೆಯದು, ಈ ಫೈಲು ದೊಡ್ಡದು... ಅಲ್ಲಿ ಒಂದಕ್ಷರ ಬಿದ್ದರೂ ಪ್ಲಾಟ್‌ಫಾರ್ಮಿಗೆ ಅದು ಸೋಲು.
ಹತ್ತರ ಚಹಾ ಹೊತ್ತಿಗೆ ಬಾಸ್ ನೊಯ್ಲೀನ್ ಕೇಳಿದಳು, ಸೋಮವಾರಕ್ಕೆ ಆಗುತ್ತದಾ ಎಂದು. ಆಗುತ್ತದೆ ಎಂದೆ. ಗೊಣಗಾಟವನ್ನೆಲ್ಲ ಯಾರೂ ನೋಡದ ಕಡೆ ಎಸೆಯುವಂತೆ ಒಂದು ಸಾಲು ಬರೆದೆ. ಎಲ್ಲಾ ಹಸಿರು!

ಫೆ. ೧೭
ಬಟನ್ ಬಂತು. ನೊಯ್ಲೀನ್ ಲ್ಯಾಮಿಂಗ್ಟನ್ ಕೇಕ್ ತಂದಿದ್ದಳು. ಎರಡು ತಿಂದೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಾರ್ಚ್ ೨೧
ಎಲ್ಲವನ್ನೂ ಹೊಸ ಸರ್ವರಿಗೆ ಸಾಗಿಸಿದೆವು. ಮೂರು ಮಾದರಿ ಓಡಿಸಿ ನೋಡಿದೆ. ಹಸಿರು, ಹಸಿರು, ಹಸಿರು. ನಾಲ್ಕಕ್ಕೇ ಹೊರಟು ಸ್ಟ್ರ್ಯಾಂಡ್ ಕಡಲತೀರದಲ್ಲಿ ಈಜಿದೆ.

ಜೂನ್ ೪, ಬೆಳಿಗ್ಗೆ ೯.೩೦
ವಾರ್ಡಿನ ಡಾಕ್ಟರ್ ಹಾಲೊರನ್ ಫೋನು. ದನಿ ಏರಿಸಲಿಲ್ಲ.
“ಏಪ್ರಿಲ್ ಎರಡರ ನಿಮ್ಮ ವರದೀಲಿ ಎಲ್ಲಾ ಔಷಧಿನೂ ಕೆಲಸ ಮಾಡುತ್ತೆ ಅಂತಿದೆ. ಎರಡು ತಿಂಗಳು ಅದನ್ನೇ ಕೊಟ್ಟೆ. ಈಗ ರೋಗಾಣು ಬೆಳೆಸಿ ನೋಡಿದ ಕಲ್ಚರ್ ವರದಿ ಬಂದಿದೆ. ಮುಖ್ಯವಾದ ಎರಡಕ್ಕೂ ಬಗ್ಗಲ್ಲ ಅಂತಿದೆ. ಯಾವುದು ಸುಳ್ಳು?”
ನೋಡಿ ಹೇಳುತ್ತೇನೆ ಎಂದೆ.

೧೧.೫೦
ನಮ್ಮದೇ. ಹೊಸ ಸರ್ವರಿಗೆ ಪಟ್ಟಿಯ ಫೈಲು ಬಂದೇ ಇಲ್ಲ. ಸ್ಕ್ರಿಪ್ಟು ‘ಪಟ್ಟಿ ಸಿಗಲಿಲ್ಲ’ ಎಂದು ಪ್ರತಿ ಸಲವೂ ಹೇಳಿದೆ. ಕೇಳುವವರಿಲ್ಲ. ಖಾಲಿ ಉತ್ತರ ಕೊಟ್ಟಿದೆ. ಖಾಲಿ ಎಂದರೆ ವರದಿಯ ಲೆಕ್ಕದಲ್ಲಿ ‘ಪ್ರತಿರೋಧ ಇಲ್ಲ’.
ಅಂದಿನಿಂದ ವರದಿ ಹೋದ ಹತ್ತೊಂಬತ್ತೂ ಮಾದರಿ ಪಟ್ಟಿ ಇಟ್ಟು ಮತ್ತೆ ಓಡಿಸಿದೆ. ಹದಿನೆಂಟು ಅದೃಷ್ಟದಿಂದ ಸರಿ. ಒಂದು ಅಲ್ಲ.

ಜೂನ್ ೬
ಗಾರ್ತ್‌ಗೆ ಫೋನ್ ಮಾಡಿದೆ.
“ಪಟ್ಟಿ ಸಿಗದಿದ್ರೆ ಅದು ಕಿರುಚ್ತಿತ್ತಲ್ಲೇ.”
“ಬಾಯಿ ಮುಚ್ಚಿಸಿದ್ದೆ.”
ಅವನು ಗಾಳ ಸುತ್ತಿಕೊಳ್ಳುವ ಸದ್ದು ಕೇಳಿತು.
“ಪಟ್ಟಿ ಇಲ್ಲಾಂದ್ರೆ ಸ್ಕ್ರಿಪ್ಟು ಅಲ್ಲಿಗೇ ನಿಲ್ಲೋ ಹಾಗೆ ನಾನೂ ಬರೀಬೇಕಿತ್ತು ಕಣೆ. ಓಡ್ಸೋನು ನಾನೇ ಅಲ್ವಾ, ನೋಡ್ಕೋತೀನಿ ಅಂತ ಬಿಟ್ಟೆ.”
ಬೈದಿದ್ದರೆ ಹಗುರಾಗುತ್ತಿತ್ತು.

ಜೂನ್ ೩೦
ಔಷಧಿ ಬದಲಾಯಿಸಿದ್ದು ತಡವಾಯಿತು. ಆ ಒಂದು ಮಾದರಿಯ ರೋಗಿ ಇವತ್ತು ಬೆಳಿಗ್ಗೆ ತೀರಿಹೋದಳು. ಇಷ್ಟು ದಿನ ನಮಗೆ ಅವಳು ಒಂದು ನಂಬರು. ಹಾಲೊರನ್ ಹೆಸರು ಹೇಳಿದರು: ಮೆರೆಯಾನಿ. ವಯಸ್ಸು ಮೂವತ್ತೊಂದು. ಫಿಜಿಯಿಂದ ಬೋವೆನ್‌ಗೆ ಟೊಮೆಟೊ ಕೊಯ್ಯಲು ಬಂದವಳು.
ಟಾಯ್ಲೆಟ್ಟಿನಲ್ಲಿ ಕೂತು ಅತ್ತೆ.

ಜುಲೈ ೧೪
ನೊಯ್ಲೀನ್ ವರದಿಯಲ್ಲಿ ‘ಸಾಫ್ಟ್‌ವೇರ್ ದೋಷ’ ಎಂದು ಬರೆದಿದ್ದಾಳೆ. ಯಾರ ಹೆಸರೂ ಇಲ್ಲ. ನನ್ನನ್ನು ಉಳಿಸುವುದಕ್ಕೇ. ಸಹಿ ಹಾಕು, ಮನೆಗೆ ಹೋಗು ಎಂದಳು. ಹಾಕಲಿಲ್ಲ. ಹಾಕುವುದಿಲ್ಲ ಎಂದು ಹೇಳುವ ಧೈರ್ಯವೂ ಬರಲಿಲ್ಲ.

ಜುಲೈ ೨೨
ನಾಳೆ ಮೆರೆಯಾನಿಯ ಅಕ್ಕ ಬರುತ್ತಾಳೆ. ಲ್ಯಾಬಿನವರನ್ನೇ ನೋಡಬೇಕಂತೆ. ನಮ್ಮ ಲ್ಯಾಬಿನ ವಕೀಲರು ಹೇಳಿಕೊಟ್ಟಿದ್ದಾರೆ — ಏನು ಕೇಳಿದರೂ ‘ಖಚಿತವಾಗಿ ಹೇಳಲಾಗದು’ ಎನ್ನಬೇಕು.

ಜುಲೈ ೨೩, ಮಧ್ಯಾಹ್ನ
ಅಕ್ಕನ ಹೆಸರು ಲೋಸಾನಾ. ನೀರು ಕೊಟ್ಟೆವು, ಮುಟ್ಟಲಿಲ್ಲ. ಕೇಳಿದ್ದು ಒಂದೇ.
“ಏಪ್ರಿಲ್‌ನಲ್ಲೇ ಸರಿಯಾದ್ದು ಹೇಳಿದ್ರೆ ಬದುಕ್ತಿದ್ಲಾ?”
ನೊಯ್ಲೀನ್ ನನ್ನ ಕಡೆ ನೋಡಿದಳು. ವಕೀಲರು ಕೆಮ್ಮಿದರು.
ಬದುಕುತ್ತಿದ್ದಳು ಎಂದೆ.
ಲೋಸಾನಾ ಬ್ಯಾಗಿನಿಂದ ಸಣ್ಣ ಪುಸ್ತಕ ತೆಗೆದಳು. ಅಮ್ಮ ಕೇಳ್ತಾಳೆ, ಎಲ್ಲಾ ಹೇಳಿ ಎಂದಳು. ಸಾಫ್ಟ್‌ವೇರ್ ದೋಷ ಎಂದು ನೊಯ್ಲೀನ್ ಶುರು ಮಾಡಿದಳು. ಲೋಸಾನಾ ಕೈ ಎತ್ತಿ ತಡೆದು, ನನ್ನನ್ನೇ ಕೇಳಿದಳು.
“ಅದನ್ನ ಮಾಡಿದೋರು ಯಾರು?”
ನಾನು ಎಂದೆ. ಹೆಸರು ಹೇಳಿದೆ. ಬರೆದುಕೊಂಡಳು. ಪೆನ್ನು ಕೆಳಗಿಟ್ಟಳು. ಆಮೇಲೆ ಎದ್ದು ನನ್ನ ಪಕ್ಕ ಬಂದು, ನನ್ನ ಎರಡೂ ಕೈ ಹಿಡಿದುಕೊಂಡು, “ನಿಜ ಹೇಳಿದ್ರಿ. ಅಮ್ಮನಿಗೆ ಅದನ್ನೂ ಹೇಳ್ತೀನಿ” ಎಂದಳು.