ಬಿಜೂರಿನ ಸಂಕ ದಾಟುವಾಗ

ಬೈಂದೂರು
9 ನವೆಂಬರ್ 2004

ಪ್ರೀತಿಯ ರತ್ನಾಕರ,

ನಾನು ಕ್ಷೇಮ. ನೀನು, ಸರೋಜ, ಮಕ್ಕಳು ಎಲ್ಲ ಸೌಖ್ಯವೆಂದು ನಂಬಿದ್ದೇನೆ. ಚೌತಿಗೆ ಮುಂಚೆ ಬಂದ ನಿನ್ನ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೇಕಾದಷ್ಟು ಬೈದುಕೋ. ಬರೆಯಲು ಕೂತು ಕೂತು ಎದ್ದೆ ಮಾರಾಯ. ನಿನಗೆ ಸುಳ್ಳು ಬರೆಯಲು ಮನಸ್ಸಿರಲಿಲ್ಲ. ನಿಜ ಬರೆದರೆ ನೀನು ಮುಂಬಯಿಯಿಂದ ಮೊದಲ ಗಾಡಿ ಹತ್ತಿ ಬಂದು ನನ್ನನ್ನು ತಲೆಯ ಡಾಕ್ಟರಿಗೆ ತೋರಿಸುತ್ತೀ ಎಂಬ ಹೆದರಿಕೆ.

ಇಲ್ಲಿ ಕೊಯ್ಲು ನಡೆದಿದೆ. ಶರ್ಮಿಳಾ ಬ್ರಹ್ಮಾವರದ ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ. ಫೋನ್ ಮಾಡಿದಾಗಲೆಲ್ಲ ಊಟ ಆಯಿತೇ ಎಂದು ಮಗಳು ಅಪ್ಪನನ್ನೇ ಗದರುತ್ತಾಳೆ. ಅವಳ ಅಮ್ಮ ಕಾರ್ಮಿನ್ ತೀರಿಹೋಗಿ ವರ್ಷ ದಾಟಿತು. ಮೊನ್ನೆ ನಮ್ಮಲ್ಲಿ ಸತ್ತವರ ದಿನ. ಸಮಾಧಿಗೆ ಸುಣ್ಣ ಬಳಿದು, ಸೇವಂತಿಗೆ ಇಟ್ಟು, ಮೇಣದಬತ್ತಿ ಹಚ್ಚಿ ಬಂದೆ. ಗಾಳಿಗೆ ನನ್ನದೊಂದೇ ಆರಿ ಆರಿ ಹೋಗುತ್ತಿತ್ತು.

ಈ ವರ್ಷ ಇಗರ್ಜಿಯಲ್ಲಿ ನನಗೊಂದು ಕೆಲಸ ವಹಿಸಿದ್ದರು, ನಿನಗೆ ಹೇಳಿರಲಿಲ್ಲ. ಪೂಜೆಯಲ್ಲಿ ಕೊಡುವ ಪರಮಪ್ರಸಾದವನ್ನು ನೀನು ಕಂಡಿದ್ದೀಯಲ್ಲ, ತೆಳ್ಳಗಿನ ಬಿಳಿ ರೊಟ್ಟಿ. ಪಾದ್ರಿಗಳು ಪವಿತ್ರೀಕರಿಸಿದ ಮೇಲೆ ನಮಗೆ ಅದು ರೊಟ್ಟಿಯಲ್ಲ, ಸಾಕ್ಷಾತ್ ಸ್ವಾಮಿಯೇ. ಹಾಸಿಗೆ ಹಿಡಿದವರಿಗೆ ತಿಂಗಳ ಮೊದಲ ಶುಕ್ರವಾರ ಅದನ್ನು ಮನೆಗೇ ಕೊಂಡೊಯ್ಯುತ್ತಾರೆ. ಪುಟ್ಟ ಕರಡಿಗೆಯಲ್ಲಿಟ್ಟು, ಕರಡಿಗೆಯನ್ನು ಬಟ್ಟೆಚೀಲದಲ್ಲಿಟ್ಟು, ಕೊರಳಿಗೆ ಕಟ್ಟಿ ಅಂಗಿಯೊಳಗೆ ಎದೆಯ ಮೇಲೆ ಇಟ್ಟುಕೊಳ್ಳಬೇಕು. ದಾರಿಯಲ್ಲಿ ಮಾತಿಲ್ಲ, ನಿಲ್ಲುವುದಿಲ್ಲ, ಯಾರು ಕರೆದರೂ ತಿರುಗುವುದಿಲ್ಲ. ಸಾಲಿಗ್ರಾಮದಲ್ಲಿ ನಿನ್ನ ಅಪ್ಪಯ್ಯ ಮಡಿಯಲ್ಲಿ ನೈವೇದ್ಯ ಹಿಡಿದು ಬರುವಾಗ ನಾವಿಬ್ಬರೂ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದೆವಲ್ಲ, ಹಾಗೆಯೇ. ಅದನ್ನು ಕಾಯುವ ಹೊಣೆ ನಿಮ್ಮದು ಎಂದು ಪಾದ್ರಿಗಳು ಕರಡಿಗೆಯನ್ನು ನನ್ನ ಕೈಗಿಟ್ಟರು.

ನನ್ನ ಪಾಲಿಗೆ ಬಂದದ್ದು ಬಿಜೂರಿನ ಮೊನ್ನಿಕಾ ಬಾಯಿಯ ಮನೆ. ಅವರಿಗೆ ಕಣ್ಣು ಪೂರ್ತಿ ಹೋಗಿದೆ. ನೆರೆಮನೆಯ ವನಜ ಬಂದು ಗಂಜಿ ಬೇಯಿಸಿ ಕೊಟ್ಟು ನೋಡಿಕೊಳ್ಳುತ್ತಾಳೆ. ಬಸ್ಸಿಳಿದು ಗದ್ದೆಯ ಅಂಚಿನಲ್ಲಿ ನಡೆದು, ನೀರು ಹರಿವ ತೋಡಿಗೆ ಅಡ್ಡ ಹಾಕಿದ ತೆಂಗಿನ ಮರದ ಸಂಕ ದಾಟಿದರೆ ಅವರ ಅಂಗಳ. ಬೆಳಗಿನ ಪೂಜೆ ಮುಗಿಸಿ ಹೊರಟರೆ ಅಲ್ಲಿಗೆ ಮುಟ್ಟುವಾಗ ಒಳ್ಳೆಯ ಬಿಸಿಲು.

ಮಳೆಗಾಲಕ್ಕೆ ಮುಂಚಿನ ಒಂದು ಶುಕ್ರವಾರ ಆ ಸಂಕದ ಮೇಲೆ ಕಾಲಿಟ್ಟಿದ್ದೇನೆ, ಹಿಂದಿನಿಂದ ದನಿ ಬಂತು. "ಹ್ವಾಯ್, ಒಂಚೂರ್ ನಿಲ್ಲಿ ಕಾಂಬ."

ರತ್ನಾಕರ, ಆ ಮಾತು ಯಾರದೆಂದು ನಿನಗೆ ಹೇಳಬೇಕಾಗಿಲ್ಲ. ನೀನೇ ಅವಳಿಗೆ ಲೋಕಲ್ ಗಾಡಿ ಎಂದು ಹೆಸರಿಟ್ಟವನು. ಉಬ್ಬಸದ ಹೆಂಗಸು ನನ್ನ ಕಾರ್ಮಿನ್, ಇಗರ್ಜಿಗೆ ಹೋಗುವಾಗ ಯಾವತ್ತೂ ನನಗಿಂತ ಒಂದು ಗದ್ದೆ ಹಿಂದೆ. ಮನೆಯಲ್ಲಿ ಕೊಂಕಣಿಯಾದರೂ ದಾರಿಯಲ್ಲಿ ನನ್ನನ್ನು ಕರೆಯುವುದು ಮಾತ್ರ ಕುಂದಾಪುರದ ಹೆಂಗಸರ ಹಾಗೆಯೇ. ಕರೆದಾಗ ನಾನು ನಿಲ್ಲುತ್ತಿದ್ದೆ, ತಮಾಷೆ ಮಾಡುತ್ತಲೇ ನಿಲ್ಲುತ್ತಿದ್ದೆ. ಅವತ್ತು ಎದೆಯ ಮೇಲೆ ಸ್ವಾಮಿ ಇದ್ದರು. ನಿಲ್ಲದೆ, ತಿರುಗದೆ ನಡೆದುಬಿಟ್ಟೆ.

ಒಳಗೆ ಹೋದರೆ ಮೊನ್ನಿಕಾ ಬಾಯಿ, ನಿನ್ನೊಟ್ಟಿಗೆ ಬಂದವರು ಅಂಗಳದಲ್ಲಿ ಯಾಕೆ ನಿಂತರು, ಒಳಗೆ ಕರೆ ಎಂದರು. ವನಜ ಬಾಗಿಲಿನಿಂದ ಇಣುಕಿ ನೋಡಿ ನನ್ನನ್ನು ಸಮಾಧಾನ ಮಾಡಿದಳು. "ಯಾರೂ ಇಲ್ಲೆ. ಬಾಯೀರಿಗ್ ಕಣ್ಣ್ ಕಾಂತಿಲ್ಲೆ, ಎಂತೆಂತದೋ ಹೇಳ್ತ್ರ್." ಆದರೆ ಮುಂದಿನ ತಿಂಗಳು ಹೋದಾಗ ಮೆಟ್ಟಿಲ ಬಳಿ ಕಾಲು ತೊಳೆಯಲು ಎರಡು ಚೆಂಬು ನೀರು ಇಟ್ಟಿತ್ತು. ನಾನು ಒಂದರಲ್ಲಿ ಮಾತ್ರ ಕಾಲು ತೊಳೆದು ಒಳಗೆ ಹೋದೆ.

ಅಲ್ಲಿಂದ ಪ್ರತಿ ಸಲವೂ ಅದೇ ಕರೆ. ನಡುವೆ ಒಂದು ದಿನ ಸುಮ್ಮನೆ ಬರಿಗೈಯಲ್ಲಿ ಹೋಗಿ ಸಂಕದ ಮೇಲೆ ನಿಂತು ನೋಡಿದೆ. ನಾಚಿಕೆ ಬಿಟ್ಟು ಅವಳ ಹೆಸರು ಹಿಡಿದು ಕೂಗಿದೆ. ಗದ್ದೆಯಲ್ಲಿದ್ದ ಕೊಕ್ಕರೆ ಹಾರಿತು, ಅಷ್ಟೆ. ಸ್ವಾಮಿ ಎದೆಯ ಮೇಲಿದ್ದರೆ ಮಾತ್ರ ಅವಳು ಬರುತ್ತಾಳೆ, ನಾನು ತಿರುಗಬಾರದ ಹೊತ್ತಿನಲ್ಲಿ ಮಾತ್ರ. ಪಾದ್ರಿಗಳಿಗೆ ಹೇಳಿದೆ. ದುಃಖದಲ್ಲಿ ಹಾಗೆಲ್ಲ ಕೇಳಿಸುತ್ತದೆ, ಆ ಮನೆಯನ್ನು ಬೇರೆಯವರಿಗೆ ವಹಿಸೋಣವೇ ಎಂದು ಮೆಲ್ಲಗೆ ಕೇಳಿದರು. ಬೇಡ ಫಾದರ್, ನಾನೇ ಹೋಗುತ್ತೇನೆ ಎಂದೆ. ಹೇಳಿದ ರಭಸಕ್ಕೆ ನನಗೇ ಆಶ್ಚರ್ಯವಾಯಿತು.

ಕಳೆದ ಶುಕ್ರವಾರ ಸಂಕದ ನಡುವೆ ಬಂದಾಗ ದನಿ ಹಿಂದೆಲ್ಲ ದೂರದಿಂದ ಬರುತ್ತಿದ್ದ ಹಾಗಿರಲಿಲ್ಲ. ಕುತ್ತಿಗೆಯ ಹಿಂದೆಯೇ ಇತ್ತು. ಮೊದಲು ಉಬ್ಬಸದ ಆ ಸುಂಯ್ ಸದ್ದು, ಆಮೇಲೆ ಮಾತು. ಕಾಲಡಿಯ ಮರ ಇನ್ನೊಬ್ಬರು ಹತ್ತಿದ ಹಾಗೆ ಜಗ್ಗಿತು. ನಾನು ನಿಂತೆ. "ಬಾ, ನಿಂತಿದ್ದೇನೆ" ಎಂದು ಬಾಯಿಬಿಟ್ಟೇ ಹೇಳಿದೆ. ಹೇಳುತ್ತಾ ತಿರುಗಿದೆ.

ಪೂರ್ತಿ ತಿರುಗಲಾಗಲಿಲ್ಲ. ಪಾಚಿಗೆ ಕಾಲು ಜಾರಿ ಮುಗ್ಗರಿಸಿದೆ. ಚೀಲ ಅಂಗಿಯಿಂದ ಹೊರಬಿದ್ದು, ದಾರ ತಲೆಯಿಂದ ಕಳಚಿ ನೀರಿನ ಕಡೆ ಜಾರಿತು. ಹೇಗೆ ಹಿಡಿದೆನೋ ಗೊತ್ತಿಲ್ಲ, ಹಿಡಿದೆ. ಎದ್ದು ನಿಂತಾಗ ಹಿಂದೆ ಗದ್ದೆ, ಬಿಸಿಲು, ಮತ್ತೇನೂ ಇಲ್ಲ. ಚೀಲವನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ಬಾಯಿಯ ಮನೆ ಮುಟ್ಟಿ, ಅವರ ನಾಲಿಗೆಯ ಮೇಲೆ ಪ್ರಸಾದ ಇಟ್ಟೆ. ಅವರು ಕಣ್ಣು ಮುಚ್ಚಿ ಪ್ರಾರ್ಥನೆ ಮುಗಿಸಿ, ಸ್ವಲ್ಪ ಹೊತ್ತು ಕಿವಿಗೊಟ್ಟು, ಹೊರಗೆ ಅಳುತ್ತಿರುವುದು ಯಾರು ಎಂದು ಕೇಳಿದರು.

ಅದೇ ದಿನ ಕರಡಿಗೆಯನ್ನು ಪಾದ್ರಿಗಳಿಗೆ ಒಪ್ಪಿಸಿದೆ. ಕಾಲು ನೋವು, ಸಂಕ ದಾಟಲು ಆಗುವುದಿಲ್ಲ ಎಂದೆ. ಇನ್ನು ಮೇಲೆ ನಮ್ಮ ಶಾಲೆಯ ಮೇಷ್ಟರು ರೋಷನ್ ಹೋಗುತ್ತಾರೆ. ಒಳ್ಳೆಯ ಭಕ್ತಿವಂತ ಹುಡುಗ.

ಸರೋಜಳಿಗೆ ನನ್ನ ನೆನಪು ಹೇಳು. ಮಕ್ಕಳ ಮೇಲೆ ದೇವರ ಕೈ ಸದಾ ಇರಲಿ. ನಿನ್ನ ದೇವರ ಮುಂದೆ ಕೂತಾಗ ಕಾರ್ಮಿನಳ ಹೆಸರನ್ನೂ ಒಮ್ಮೆ ಹೇಳು, ಅವಳಿಗೆ ನಿನ್ನ ಮೇಲೆ ಪ್ರೀತಿಯಿತ್ತು.

ನಿನ್ನ,
ಸಿಪ್ರಿಯನ್

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನೂ ಬರೆದುಬಿಡುತ್ತೇನೆ. ನನ್ನ ಕಾಲಿಗೆ ಏನೂ ಆಗಿಲ್ಲ. ಇಷ್ಟು ತಿಂಗಳೂ ಎದೆಯ ಮೇಲೆ ಕೈಯಿಟ್ಟು ನಡೆದೆನಲ್ಲ, ಸ್ವಾಮಿಯನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಅವಳ ದನಿ ಕೇಳುವ ಆಸೆಗೆ ಸ್ವಾಮಿಯನ್ನು ಹೊತ್ತುಕೊಂಡು ಹೋಗುತ್ತಿದ್ದೆ. ಇನ್ನೊಮ್ಮೆ ಕರೆದರೆ ನನ್ನ ಕೈ ಯಾವ ಕಡೆ ಚಾಚುತ್ತದೆ ಎಂದು ನನಗೆ ಗೊತ್ತು, ಅದಕ್ಕೇ ಬಿಟ್ಟೆ. ಬಿಟ್ಟದ್ದು ಸರಿ, ಅದರಲ್ಲಿ ಸಂಶಯವಿಲ್ಲ. ಆದರೂ ನಿನ್ನೆಯಿಂದ ಒಂದೇ ಯೋಚನೆ ಕೊರೆಯುತ್ತಿದೆ ರತ್ನಾಕರ. ಮುಂದಿನ ತಿಂಗಳು ರೋಷನ್ ಆ ಸಂಕ ದಾಟುತ್ತಾರೆ. ಯಾರು ಕರೆದರೂ ತಿರುಗಬೇಡಿ ಎಂದು ನಾನೇ ಅವರಿಗೆ ಗಟ್ಟಿಯಾಗಿ ಹೇಳಿಕೊಟ್ಟಿದ್ದೇನೆ. ಅವಳು ಏದುಸಿರು ಬಿಡುತ್ತಾ ಹಿಂದೆ ಹಿಂದೆ ನಡೆಯುತ್ತಾಳೆ, ನಿಲ್ಲಿ ಎನ್ನುತ್ತಾಳೆ. ಮುಂದೆ ಹೋಗುತ್ತಿರುವವನು ನಾನಲ್ಲ ಎಂದು ಅವಳಿಗೆ ಯಾರು ಹೇಳುತ್ತಾರೆ?