ಚೀಟಿ ಕಿತ್ತ ಡಬ್ಬಿಗಳು

ಸ್ಫಾಕ್ಸ್, ನವೆಂಬರ್ 12, ಮಂಗಳವಾರ

ಲೂಪಸ್ ಕಾಯಿಲೆ ಬಂದಾಗಿನಿಂದ ತಲೆಗೆ ಮಂಜು ಕವಿಯುತ್ತದೆ. ಅಡುಗೆಮನೆ ಡಬ್ಬಿಗಳ ಮೇಲೆ ಹೆಸರು ಬರೆದಂಟಿಸಿದ ಚೀಟಿಗಳೇ ನನ್ನ ನೆನಪು. ನೆಂಟರು ಬರುತ್ತಾರೆಂದು ಅತ್ತೆ ಮನ್ನೂಬಿಯಾ ಎಲ್ಲವನ್ನೂ ಕಿತ್ತುಹಾಕಿದ್ದಾರೆ. ಉಪ್ಪೆಂದು ಕುಸ್ಕುಸ್ ಸಾರಿಗೆ ನಾನು ಸುರಿದದ್ದು ಸೋಪು ಮಾಡಲು ತಂದಿಟ್ಟ ಕಾಸ್ಟಿಕ್ ಸೋಡಾ. ಸಾರು ಬುಸ್ಸೆಂದು ಸಿಡಿದು ಮಣಿಕಟ್ಟು ಬೆಂದಿತು.

"ಸೊಸೆಗೆ ತಲೆ ಕೆಟ್ಟಿದೆ ಅಂತ ಆಡ್ಕೋತಾರೆ ಕಣೇ, ಅದಕ್ಕೇ ಕಿತ್ತೆ."

ಪಾತ್ರೆಯನ್ನು ಗೋಡೆಗೆ ಬೀಸಿ ಎಸೆದೆ. ಅತ್ತೆಯ ಕೆಂಪು ತಲೆವಸ್ತ್ರ ಹಿಡಿದೆಳೆದು, ಹರಿದರೂ ಬಿಡದೆ, ಎರಡು ಡಬ್ಬಿಗಳ ಬಿಳಿ ಪುಡಿಗಳ ಮೇಲೆ ಅವರ ಮುಖ ಬಗ್ಗಿಸಿದೆ.

"ಯಾವುದು ಉಪ್ಪು? ನೆಕ್ಕಿ ಹೇಳಿ!"

"ಅಯ್ಯೋ, ಗೊತ್ತಾಗ್ತಿಲ್ಲ, ಬಿಡೇ!"

"ನನಗೆ ದಿನಾ ಹೀಗೇ, ಅತ್ತೆ!"

ಈಗ ನೋಡಿದರೆ, ಬರೆಯಲು ಬಾರದ ಅತ್ತೆ ಎರಡನ್ನೂ ನೀರಿಗೆ ಹಾಕಿ ಬಿಸಿಯಾಗುವುದು ಯಾವುದೆಂದು ಪರೀಕ್ಷಿಸಿ, ಹರಿದ ಕೆಂಪು ಚಿಂದಿಯನ್ನು ಒಂದು ಡಬ್ಬಿಗೆ ಕಟ್ಟಿದ್ದಾರೆ. ಮರೆಯದಿರಲೆಂದು ಬರೆದುಕೊಳ್ಳುತ್ತಿದ್ದೇನೆ: ಕೆಂಪು ಎಂದರೆ ಕಾಸ್ಟಿಕ್. ಕೆಂಪು ಎಂದರೆ ಕಾಸ್ಟಿಕ್. ಕೆಂಪು ಎಂದರೆ