ನನ್ನ ಹೆಂಡತಿಯ ಮನೆಗೆ ನಾನು ಕಟ್ಟುವ ಬಡ್ಡಿಯ ಕುರಿತು

ತೆರಿಗೆ ಇಲಾಖೆಯ ಮಾನ್ಯ ಆಯುಕ್ತರೇ,

ನನ್ನ ಹೆಂಡತಿಯ ಹೆಸರಿನಲ್ಲಿರುವ ಮನೆಯ ಸಾಲಕ್ಕೆ ನಾನು ಬಡ್ಡಿ ಕಟ್ಟುತ್ತಿದ್ದೇನೆ. ಆ ಬಡ್ಡಿಗೆ ಆರು ವರ್ಷ ತೆರಿಗೆ ವಿನಾಯಿತಿ ಕೊಟ್ಟವರು ನೀವೇ. ಏಳನೆಯ ವರ್ಷ ನಿಮಗೆ ಎಚ್ಚರವಾಯಿತು. ಮನೆ ನನ್ನದಲ್ಲ, ಆದ್ದರಿಂದ ವಿನಾಯಿತಿಯೂ ನನ್ನದಲ್ಲ, ಪಡೆದದ್ದನ್ನೆಲ್ಲ ದಂಡ ಸಹಿತ ಮೂವತ್ತು ದಿನಗಳೊಳಗೆ ಹಿಂದಿರುಗಿಸತಕ್ಕದ್ದು ಎಂದು ನೋಟಿಸು ಕಳಿಸಿದಿರಿ. ಅದರಲ್ಲಿ ಇಪ್ಪತ್ತಾರು ದಿನ ಕಳೆದಿವೆ. ನಾನು ಬರೆದ ಮೂರು ಪತ್ರಗಳಿಗೆ ಉತ್ತರ ಬಂದಿಲ್ಲವಾದ್ದರಿಂದ ನಾಲ್ಕನೆಯದನ್ನು ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ. ಇಂಥ ಕಡೆ ‘ಕ್ಷಮೆಯಿರಲಿ’ ಎಂದು ಸೇರಿಸುವ ವಾಡಿಕೆಯಿದೆ. ಈ ಸಲ ಅದನ್ನು ಬಿಟ್ಟಿದ್ದೇನೆ.

ನಾನು ಲಿಫ್ಟ್ ಮೆಕ್ಯಾನಿಕ್. ನನ್ನ ಸಂಬಳ ನನ್ನ ಕೈ ಸೇರುವ ಮೊದಲೇ ನಿಮ್ಮ ಪಾಲು ನಿಮ್ಮನ್ನು ಸೇರಿರುತ್ತದೆ, ಹಾಗಾಗಿ ಕದಿಯುವ ಅವಕಾಶವೂ ನನಗಿಲ್ಲ. ನನ್ನ ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಪ್ಯಾಂಟಿನ ಉದ್ದ ಕಮ್ಮಿ ಮಾಡುತ್ತಾಳೆ, ಕೆಟ್ಟ ಜಿಪ್ಪು ಬದಲಿಸುತ್ತಾಳೆ. ಅವಳ ಸಂಪಾದನೆ ನಿಮ್ಮ ಕಣ್ಣಿಗೆ ಬೀಳುವಷ್ಟಿಲ್ಲ. ಎರಡನೆಯ ಮಹಡಿಯ ಈ ಎರಡು ಕೋಣೆಗಳನ್ನು ಕೊಳ್ಳುವಾಗ ನೋಂದಣಿ ಕಚೇರಿಯ ಗೋಡೆಯ ಮೇಲೊಂದು ದೊಡ್ಡ ಫಲಕವಿತ್ತು: ಮಹಿಳೆಯ ಹೆಸರಿನಲ್ಲಿ ನೋಂದಾಯಿಸಿದರೆ ಶುಲ್ಕದಲ್ಲಿ ರಿಯಾಯಿತಿ. ಸರ್ಕಾರವೇ ಹೇಳಿದ ಮೇಲೆ ಇನ್ನೇನು ಯೋಚನೆ? ಅವಳ ಹೆಸರಿಗೇ ಮಾಡಿಸಿದೆವು. ಬ್ಯಾಂಕಿನವರು ಸಂಬಳ ನೋಡಿ ಸಾಲವನ್ನು ನನ್ನ ತಲೆಗೆ ಕಟ್ಟಿದರು, ಅವಳ ಸಹಿ ಪಡೆದು ಮನೆಯನ್ನು ಅಡವಿಟ್ಟುಕೊಂಡರು. ಒಂದು ಕಚೇರಿ ಅವಳ ಹೆಸರಿಡಿ ಎಂದಿತು, ಇನ್ನೊಂದು ಕಚೇರಿ ಯಾಕಿಟ್ಟಿರಿ ಎನ್ನುತ್ತಿದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತಂತೆ. ಎರಡೂ ಒಂದೇ ಕೊಟ್ಟಿಗೆಯವು ಎಂಬುದನ್ನು ಗಾದೆ ಮಾಡಿದವರು ಹೇಳಲಿಲ್ಲ.

ತಪ್ಪು ನನ್ನದೂ ಇದೆ, ಮುಚ್ಚಿಡುವುದಿಲ್ಲ. ಪ್ರತಿ ವರ್ಷ ನಾನು ತುಂಬಿದ ನಮೂನೆಯಲ್ಲಿ ‘ಸದರಿ ಮನೆಯ ಮಾಲೀಕರು’ ಎಂಬ ಅಂಕಣವಿರುತ್ತದೆ. ಅಲ್ಲಿ ನಾನು ಆರು ವರ್ಷವೂ ದುಂಡಗಿನ ಅಕ್ಷರದಲ್ಲಿ ‘ನಮ್ಮದು’ ಎಂದು ಬರೆದಿದ್ದೇನೆ. ಯಾರ ಮನೆ ಎಂದು ಕೇಳಿದರೆ ಗಂಡಹೆಂಡಿರು ಇನ್ನೇನು ಹೇಳುತ್ತಾರೆ? ಆರು ವರ್ಷ ಅದನ್ನು ಓದಿ ಮೊಹರು ಒತ್ತಿದ ನಿಮ್ಮ ಸಿಬ್ಬಂದಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಬಹುಶಃ ಅವರಿಗೂ ಮದುವೆಯಾಗಿರಬೇಕು.

ನೋಟಿಸು ಹಿಡಿದು ನಿಮ್ಮ ಕಚೇರಿಗೆ ಬಂದಾಗ ಮೂರನೆಯ ಕೌಂಟರಿನ ಅಧಿಕಾರಿ ಕೆಟ್ಟವರಾಗಿರಲಿಲ್ಲ. ಕುರ್ಚಿ ಕೊಟ್ಟರು, ಕಡತ ತಿರುವಿದರು, ಪರಿಹಾರವನ್ನೂ ಸೂಚಿಸಿದರು. “ಅರ್ಧ ಮನೆ ನಿಮ್ಮ ಹೆಸರಿಗೆ ಬರೆಸ್ಕೊಳ್ಳಿ. ಮೂವತ್ತು ದಿನದೊಳಗೆ ಆ ಪತ್ರ ತಂದ್ರೆ ದಂಡ ಬಿಡೋಕೆ ಮೇಲಿನವ್ರಿಗೆ ಹೇಳ್ತೀನಿ, ಮುಂದಕ್ಕೆ ವಿನಾಯಿತಿನೂ ಸಿಗುತ್ತೆ” ಎಂದರು. ಬರೆಸಿಕೊಳ್ಳದಿದ್ದರೆ? ದಂಡವೂ ಸೇರಿ ಬಾಕಿ ಸಂಬಳದಿಂದ ಮುರಿಯುತ್ತದೆ, ಬ್ಯಾಂಕಿನ ಕಂತು ತಪ್ಪುತ್ತದೆ, ಮೂರು ಕಂತು ತಪ್ಪಿದರೆ ಮನೆ ಹರಾಜಿಗೆ ಹೋಗುತ್ತದೆ. ಅಂದಹಾಗೆ ಗಂಡಸಿನ ಹೆಸರಿಗೆ ಬರೆಸಿಕೊಳ್ಳಲು ಶುಲ್ಕದಲ್ಲಿ ರಿಯಾಯಿತಿ ಇಲ್ಲವಂತೆ.

ನನ್ನ ಹೆಂಡತಿಯ ಬಗ್ಗೆ ನಿಮಗೆ ಒಂದು ಮಾತು ತಿಳಿದಿರಬೇಕು. ಅವಳು ಹುಟ್ಟಿದಾಗಿನಿಂದ ಹನ್ನೊಂದು ಬಾಡಿಗೆ ಮನೆಗಳಲ್ಲಿ ಬೆಳೆದವಳು. ಹನ್ನೊಂದೂ ಮನೆಗಳ ಮಾಲೀಕರು ಬೀಗದ ಕೈ ಕೊಡುವಾಗ ಹೇಳಿದ ಮಾತು ಒಂದೇ: ಗೋಡೆಗೆ ಮೊಳೆ ಹೊಡೆಯಕೂಡದು. ಈ ಮನೆಗೆ ಬಂದ ದಿನ ಪೆಟ್ಟಿಗೆಗಳನ್ನು ಬಿಚ್ಚುವ ಮೊದಲೇ ಅವಳು ನನ್ನ ಚೀಲದಿಂದ ಸುತ್ತಿಗೆ ತೆಗೆದುಕೊಂಡು ಎರಡೂ ಕೋಣೆಗಳಲ್ಲಿ ಹದಿನಾಲ್ಕು ಮೊಳೆ ಹೊಡೆದಳು. ನೇತುಹಾಕಲು ನಮ್ಮಲ್ಲಿ ಒಂದು ಗಡಿಯಾರ ಬಿಟ್ಟರೆ ಏನೂ ಇರಲಿಲ್ಲ. ಹದಿಮೂರು ಮೊಳೆಗಳು ಇವತ್ತಿಗೂ ಖಾಲಿ ಇವೆ, ನನ್ನ ಅಂಗಿ ಸಿಕ್ಕಿ ಎರಡು ಸಲ ಹರಿದಿದೆ. ತೆಗೆಯಲೇ ಎಂದು ಕೇಳುವ ಧೈರ್ಯ ನನಗಿಲ್ಲ.

ಅಂಥವಳ ಮುಂದೆ ನಿಮ್ಮ ಪರಿಹಾರವನ್ನು ಇಟ್ಟೆ. ಅವಳು ಯಂತ್ರ ನಿಲ್ಲಿಸಿ ಕೇಳಿಸಿಕೊಂಡಳು. ಅಳಲಿಲ್ಲ, ಜಗಳವಾಡಲಿಲ್ಲ. ಸೂಜಿಗೆ ದಾರ ಪೋಣಿಸುತ್ತಾ ಇಷ್ಟು ಹೇಳಿದಳು: “ಬರ್ಕೊಡ್ತೀನಿ ರೀ. ಮನೆ ಹೋಗೋದಕ್ಕಿಂತ ಹೆಸರು ಹೋಗೋದು ವಾಸಿ. ಆದ್ರೆ ಯಾವ ಏಳು ಮೊಳೆ ನಂದು ಅಂತ ಅವ್ರನ್ನೇ ಕೇಳ್ಕೊಂಡು ಬನ್ನಿ.” ಆಮೇಲೆ ಎರಡು ದಿನ ನಾನು ಬೇಗ ಕೆಲಸಕ್ಕೆ ಹೊರಟು ತಡವಾಗಿ ಮನೆಗೆ ಬಂದೆ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ನನ್ನ ಮನೆಯಲ್ಲೇ ನಾನು ಕಳ್ಳನಂತೆ ಓಡಾಡಿದ್ದು ಇದೇ ಮೊದಲು.

ಅಷ್ಟಕ್ಕೂ ಸಾಲದ ಬಡ್ಡಿಗೆ ವಿನಾಯಿತಿ ಯಾಕೆ ಬೇಕು ಎಂದು ನೀವು ಕೇಳಬಹುದು. ಕೇಳಿ, ಅದು ನ್ಯಾಯವಾದ ಪ್ರಶ್ನೆ. ನನ್ನ ತಂಗಿಯೂ ಕೇಳಿದಳು. ಅವಳು ನರ್ಸು, ಬಾಡಿಗೆ ಮನೆಯಲ್ಲಿದ್ದಾಳೆ. “ಅಣ್ಣ, ನಾನು ಕಟ್ಟೋ ಬಾಡಿಗೆಗೆ ಯಾರು ವಿನಾಯಿತಿ ಕೊಡ್ತಾರೆ? ನಿನ್ನ ಬಡ್ಡಿಗೆ ನನ್ನ ತೆರಿಗೆ ಯಾಕೆ?” ಎಂದಳು. ಅವಳ ಮಾತಿನಲ್ಲಿ ತಪ್ಪು ಹುಡುಕಲು ಇವತ್ತಿಗೂ ಆಗಿಲ್ಲ.

ಆದರೆ ನಿಮ್ಮ ವಿನಾಯಿತಿ ನಿಜವಾಗಿ ಯಾರ ಮನೆ ಸೇರುತ್ತಿದೆ ಎಂಬುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಲಿಫ್ಟಿನಲ್ಲಿ ಯಾರಾದರೂ ಸಿಕ್ಕಿಕೊಂಡರೆ ಬಾಗಿಲು ತೆರೆಯುವವರೆಗೂ ಅವರನ್ನು ಮಾತಾಡಿಸುತ್ತಲೇ ಇರಬೇಕು, ಇದು ನಮ್ಮ ಕಸುಬಿನ ಮೊದಲ ಪಾಠ. ಮಾತು ನಿಂತರೆ ಒಳಗಿರುವವರು ಹೆದರುತ್ತಾರೆ. ಮನೆಯ ವಿಚಾರ ಕೇಳಿದರೆ ಎಂಥವರೂ ಮಾತಾಡುತ್ತಾರೆ. ಹೋದ ತಿಂಗಳು ಇಪ್ಪತ್ತು ಮಹಡಿಯ ಕಟ್ಟಡದಲ್ಲಿ ಒಬ್ಬ ದೊಡ್ಡ ಮನುಷ್ಯರು ಎರಡು ಅಂತಸ್ತುಗಳ ನಡುವೆ ಸಿಕ್ಕಿಕೊಂಡಿದ್ದರು. ನಾನು ಹೊರಗೆ ಬೋಲ್ಟು ಬಿಚ್ಚುತ್ತಾ ಮಾತಿಗೆಳೆದೆ. ಅವರಿಗೆ ಆ ಕಟ್ಟಡದಲ್ಲೇ ಮೂರು ಮನೆಗಳಂತೆ, ಮೂರಕ್ಕೂ ಸಾಲವಂತೆ. ಅಷ್ಟೊಂದು ಸಾಲವೇ ಸಾರ್ ಎಂದು ಮರುಗಿದೆ. ಒಳಗಿನಿಂದ ನಗು ಕೇಳಿಸಿತು. “ದುಡ್ಡಿಲ್ದೆ ಸಾಲ ಮಾಡ್ತೀವೇನಯ್ಯಾ? ಬಡ್ಡಿಗೆ ವಿನಾಯಿತಿ ಸಿಗುತ್ತಲ್ಲ, ಅದಕ್ಕೇ ಮಾಡೋದು.” ಎರಡು ಮನೆಗಳಿಗೆ ಬೀಗ ಹಾಕಿದೆಯಂತೆ, ಬಾಡಿಗೆಗೆ ಕೊಟ್ಟರೆ ಗೋಡೆ ಹಾಳಾಗುತ್ತದಂತೆ. ನಾನು ಬಾಗಿಲು ತೆರೆದು ಅವರ ಕೈ ಹಿಡಿದು ಮೇಲೆತ್ತಿಕೊಂಡೆ. ಅವರ ಕಾಗದಪತ್ರಗಳೆಲ್ಲ ಸರಿಯಾಗಿರುತ್ತವೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಅವರು ಯಾವ ಅಂಕಣದಲ್ಲೂ ‘ನಮ್ಮದು’ ಎಂದು ಬರೆಯುವ ಜಾತಿಯವರಲ್ಲ.

ಬೀಗ ಹಾಕಿದ ಮನೆಗೆ ವಿನಾಯಿತಿ, ಬಾಳುವ ಮನೆಗೆ ನೋಟಿಸು, ಬಾಡಿಗೆಯವಳಿಗೆ ಏನೂ ಇಲ್ಲ. ಇದನ್ನು ಕಾನೂನು ಎನ್ನುತ್ತೀರಾದರೆ ಎನ್ನಿ, ದಯವಿಟ್ಟು ಜನರಿಗೆ ಸೂರು ಕೊಡುವ ಯೋಜನೆ ಎಂದು ಮಾತ್ರ ಕರೆಯಬೇಡಿ.

ನನ್ನ ಬೇಡಿಕೆ ಇಷ್ಟು. ಒಂದು ಸಂಸಾರ ವಾಸವಿರುವ ಒಂದೇ ಮನೆಗೆ, ಒಂದು ಮಿತಿಯೊಳಗೆ ವಿನಾಯಿತಿ ಕೊಡಿ. ಬಡ್ಡಿ ಯಾರು ಕಟ್ಟುತ್ತಾರೆಂದು ನೋಡಿ, ಪತ್ರದಲ್ಲಿ ಗಂಡನ ಹೆಸರಿದೆಯೋ ಹೆಂಡತಿಯದೋ ಎಂದು ನೋಡಬೇಡಿ. ನನ್ನ ತಂಗಿಯ ಬಾಡಿಗೆಗೂ ಅಷ್ಟೇ ಕೊಡಿ. ಅದು ಆಗದೆಂದರೆ ಎಲ್ಲರದನ್ನೂ ತೆಗೆದುಹಾಕಿ, ಇಪ್ಪತ್ತನೆಯ ಮಹಡಿಯಿಂದ ಶುರುಮಾಡಿ. ನಾನು ಬೇಸರಪಡುವುದಿಲ್ಲ, ಹೆಚ್ಚಿಗೆ ಕೆಲಸ ಮಾಡುತ್ತೇನೆ. ನನ್ನ ಬಾಕಿಯನ್ನು ಕಂತಿನಲ್ಲಿ ಕಟ್ಟುತ್ತೇನೆ, ದಂಡ ಬಿಡಿ, ಅವಳ ಹೆಸರನ್ನು ಅದರ ಪಾಡಿಗೆ ಬಿಡಿ. ಇನ್ನು ನಾಲ್ಕು ದಿನವಿದೆ. ಉತ್ತರ ‘ಇಲ್ಲ’ ಎಂದಾದರೂ ಸರಿ, ಸಿಕ್ಕಿಕೊಂಡವರನ್ನು ಮಾತಾಡಿಸುವುದು ನಿಮ್ಮ ಕಸುಬಿನಲ್ಲೂ ಇರಬೇಕಲ್ಲವೇ?

ಇವತ್ತು ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ಮನೆಯ ಪತ್ರದ ನಕಲು ಹೊಲಿಗೆ ಯಂತ್ರದ ಮೇಲಿತ್ತು. ನಾನು ತೆಗೆದುಕೊಂಡು ಹೋಗಲೆಂದೇ ಇಟ್ಟಿದ್ದಳು. ಪಕ್ಕದಲ್ಲಿ ಸುತ್ತಿಗೆಯೂ ಇತ್ತು. ಗೋಡೆ ನೋಡಿದೆ. ಏಳು ಮೊಳೆಗಳನ್ನು ಅವಳು ಆಗಲೇ ಕಿತ್ತಿದ್ದಳು.

ಆ ನಕಲನ್ನು ಅಲ್ಲೇ ಬಿಟ್ಟು ಬಂದಿದ್ದೇನೆ. ಉತ್ತರವನ್ನು ಈ ವಿಳಾಸಕ್ಕೆ ಕಳಿಸಿ, ಮನೆ ಇನ್ನೂ ಅವಳದೇ.

ಇಂತಿ,
ಆರು ವರ್ಷ ‘ನಮ್ಮದು’ ಎಂದು ಬರೆದು ಸಿಕ್ಕಿಬಿದ್ದಿರುವ,
ಹೆಂಡತಿಯ ಮನೆಯಲ್ಲಿ ವಾಸವಿರುವ ಒಬ್ಬ ಲಿಫ್ಟ್ ಮೆಕ್ಯಾನಿಕ್